ಎದೆಮಟ ನೀರು

ಉಣ್ಣೆ ದಾರದ ಉಂಡೆ ಎದುರಿನ ಮೇಜಿನಿಂದ ಹಾರಿಬಂದು ಸಮೀವುಲ್ಲಾನ ಎದೆಗೆ ಬಡಿದು ತೊಡೆಯ ಮೇಲೆ ಬಿತ್ತು. ಹಿಡಿಯಲಿಕ್ಕೆ ಕೈ ಎತ್ತುವಷ್ಟರಲ್ಲಿ ಅದು ಬಂದುಬಿಟ್ಟಿತ್ತು. ಸಭಾಂಗಣದ ತುಂಬ ನಗು. ಎಂಥಾ ಆಟ ಹಚ್ಚಿದ್ದಾರೆ ನೋಡು, ತಲೆ ಹಣ್ಣಾದ ಇಂಜಿನಿಯರುಗಳಿಗೆ ಬಾಲವಾಡಿಯ ಆಟ. ಉಂಡೆ ಸಿಕ್ಕವನು ಎದ್ದು ನಿಂತು ತನ್ನ ಹೆಸರು, ಊರು, ತಾನು ಹೆಮ್ಮೆಪಡುವ ಒಂದು ಕೆಲಸ ಹೇಳಬೇಕು. ಎಳೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಉಂಡೆಯನ್ನು ಮತ್ತೊಬ್ಬರ ಕಡೆ ಒಗೆಯಬೇಕು. ಎಲ್ಲರೂ ದಾರದಲ್ಲಿ ಸಿಕ್ಕಿಕೊಂಡ ಮೇಲೆ ಸುನಂದಾ ಮೇಡಂ 'ಇದೇ ನೆಟ್‌ವರ್ಕ್' ಎಂದು ಹೇಳುವವರಿದ್ದರು. ಮಳೆನೀರಿನ ಕಾಲುವೆ ಮತ್ತು ನೆರೆಭೂಮಿ ನಿರ್ವಹಣೆ ಎಂಬ ಈ ತರಬೇತಿಯನ್ನು ನಡೆಸಲು ಬೆಂಗಳೂರಿನಿಂದ ಬಂದವರು ಅವರು. ಕಲಬುರಗಿಯ ಈ ಹೋಟೆಲಿನ ತಣ್ಣನೆ ಸಭಾಂಗಣದೊಳಗೆ ಸುತ್ತಲಿನ ಊರುಗಳ ಇಂಜಿನಿಯರುಗಳನ್ನೆಲ್ಲ ನಿನ್ನೆಯಿಂದ ಕೂಡಿಹಾಕಿದ್ದರು. ಸಮೀವುಲ್ಲಾ ಎದ್ದು ನಿಂತ. ಹೆಸರು ಹೇಳಿದ. ಕಮಲಾಪುರ ಎಂದ. ಮುಂದಿನದನ್ನು ಹುಡುಕುತ್ತ ದಾರದ ಎಳೆಯನ್ನು ಬೆರಳಿಗೆ ಸುತ್ತಿಕೊಂಡ. 'ಇವರ ಹೆಮ್ಮೆ ನಾನೇ ಹೇಳ್ತೀನಿ' ಎಂದು ಮೇಡಂ ಮೈಕು ಬಾಯಿಗೆ ಹಿಡಿದರು. 'ಕಮಲಾಪುರದ ಕೆಂಪು ಗೆರೆ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಜನರನ್ನೇ ಕೇಳಿ ಗೋಡೆ ಮೇಲೆ ಗುರುತು ಮಾಡಿದ್ದಾರೆ. ಊಟ ಆದಮೇಲೆ ನಾವೆಲ್ಲ ಅದನ್ನ ನೋಡೋಕೆ ಹೋಗ್ತಿದ್ದೀವಿ.' ಚಪ್ಪಾಳೆ ಬಿತ್ತು. ಸಮೀವುಲ್ಲಾ ಉಂಡೆಯನ್ನು ಯಾರ ಕಡೆಗೆ ಒಗೆದನೋ ಅವನಿಗೇ ತಿಳಿಯಲಿಲ್ಲ.

ಆ ಗೆರೆ ಸುಳ್ಳಿತ್ತು. ಇಷ್ಟು ಮಂದಿಯೊಳಗೆ ಅದನ್ನು ತಿಳಿದವನು ತಾನೊಬ್ಬನೇ ಎಂದುಕೊಂಡು ಅವನು ದಾರದ ಎಳೆ ಹಿಡಿದು ಕೂತಿದ್ದ. ಎರಡು ಮಳೆಗಾಲದ ಹಿಂದೆ ಕಮಲಾಪುರದ ಹಳ್ಳ ಉಕ್ಕಿ ದಂಡೆಯ ಓಣಿಗೆ ನುಗ್ಗಿದಾಗ ಪರಿಹಾರದ ಅಳತೆಗೆಂದು ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದುಕೊಂಡು ಹೋಗಿದ್ದ. ಓಣಿಯ ಮೊದಲ ಮನೆ ಶಿವಕಾಂತಮ್ಮನದು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಮುದುಕಿ. ಸೊಸೆ ಮತ್ತು ಅವಳು ಇಬ್ಬರೇ, ಎರಡು ಒಲೆ, ಮುಂದೆ ತಗಡಿನ ಚಪ್ಪರ. ನೀರು ಎಲ್ಲೀಮಟ ಬಂದಿತ್ತು ಎಂದು ಕೇಳಿದ್ದಕ್ಕೆ ಆಕೆ ಸೊಂಟ ಹಿಡಿದುಕೊಂಡು ಬಗ್ಗಿ ತನ್ನ ಹಿಮ್ಮಡಿ ಮುಟ್ಟಿ ತೋರಿಸಿದ್ದಳು. 'ಇಲ್ಲೀಮಟ ಬಂದಿತ್ರಿ ಸಾಹೇಬ್ರ. ಬಂದದ್ದು ಒಂದ್ ತಾಸು. ಆದ್ರ ಹಿಟ್ಟೆಲ್ಲಾ ಹಾಳಾಗಿ ಹೋತ್ರಿ, ಒಲಿ ಕುಸದು ಬಿತ್ತು.' ಮನೆಯೊಳಗೆ ಮೊಣಕಾಲಿನ ಮೇಲೆ ನೀರು ನಿಂತಿದ್ದರೆ ಮಾತ್ರ ಪರಿಹಾರ ಎಂದು ಆ ಸಲ ಹುಕುಂ ಬಂದಿತ್ತು. ಹಿಮ್ಮಡಿ ನೀರಿಗೂ ಹಿಟ್ಟು ಹಾಳಾಗುತ್ತದೆ ಎಂಬುದು ಹುಕುಂ ಬರೆದವನಿಗೆ ಏನು ಗೊತ್ತು, ಅವನು ರೊಟ್ಟಿ ತಿಂದವನೋ ಅಲ್ಲವೋ. ಸಮೀವುಲ್ಲಾ ಏನೂ ಯೋಚಿಸದೆ ಆಕೆಯ ಹಿಟ್ಟು ಮೆತ್ತಿದ ಮುಂಗೈ ಹಿಡಿದು ಮೇಲಕ್ಕೆತ್ತಿದ್ದ, ಆಕೆಯ ಎದೆಯ ತನಕ. 'ಇಲ್ಲೀಮಟ ಬಂದಿತ್ತಲ್ರಿ ಅಮ್ಮಾ?' ಶಿವಕಾಂತಮ್ಮ ಬೇರೆ ಯಾರದೋ ಕೈ ನೋಡುವವಳಂತೆ ತನ್ನ ಕೈ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. 'ಹೌದ್ರಿ ಯಪ್ಪಾ, ಗಾಬರ್ಯಾಗ ಮರತಿದ್ದೆ' ಎಂದಳು. ಎರಡನೆಯ ಮನೆಯವರಿಗೆ ಕೈ ಎತ್ತಿ ಕೊಡುವ ಕೆಲಸ ಬೀಳಲಿಲ್ಲ. ಓಣಿ ಮುಗಿಯುವಷ್ಟರಲ್ಲಿ ಎಲ್ಲರ ಕೈಯೂ ತಾವೇ ಎದೆಗೆ ಏರಿದ್ದವು, ಅವನು ಗೋಡೆಗೋಡೆಗೂ ಕೆಂಪು ಗೆರೆ ಎಳೆಯುತ್ತ ಹೋಗಿದ್ದ. ಅಂದು ಮನೆಗೆ ಬಂದು ಹೆಂಡತಿ ಜೀನತ್‌ಗೆ ಹೇಳಿದಾಗ ಆಕೆ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು 'ಅಲ್ಲಾ ಕಬೂಲ್ ಕರೇ', ದೇವರು ಒಪ್ಪಿಕೊಳ್ಳಲಿ, ಎಂದಿದ್ದಳು. ಅವನಿಗೆ ಗಡದ್ದಾಗಿ ನಿದ್ದೆ ಬಂದಿತ್ತು. ತಾನು ಒಳ್ಳೆಯವನು ಎಂದು ಅನಿಸಿದ ದಿನಗಳು ಅವನ ನೌಕರಿಯಲ್ಲಿ ಬಹಳ ಇರಲಿಲ್ಲ.

ಪರಿಹಾರ ಬಂತು, ಓಣಿ ತಗಡು ಹೊದಿಸಿಕೊಂಡಿತು, ಎಲ್ಲರೂ ಮರೆತರು. ಮರೆತರೆ ಮುಗಿಯಿತು ಎಂದುಕೊಳ್ಳುವುದು ಬಡವರ ಲೆಕ್ಕ. ಸರಕಾರದ ಕಂಪ್ಯೂಟರು ಏನನ್ನೂ ಮರೆಯುವುದಿಲ್ಲ. ನೆರೆಭೂಮಿಯ, ಅಂದರೆ ನೆರೆಯಲ್ಲಿ ಮುಳುಗುವ ನೆಲದ, ನಕ್ಷೆ ಮಾಡಲು ಹೊರಟ ಬೆಂಗಳೂರಿನವರಿಗೆ ಈ ಭಾಗದಲ್ಲಿ ಎಲ್ಲಿಯೂ ನೀರಿನ ಎತ್ತರದ ದಾಖಲೆ ಸಿಗಲಿಲ್ಲವಂತೆ. ಒಂದು ಕಮಲಾಪುರದಲ್ಲಿ ಮಾತ್ರ ಮನೆಮನೆಯ ಗುರುತು, ಫೋಟೋ, ಸಾಕ್ಷಿ ಹೇಳಿದವರ ಹೆಸರು ಎಲ್ಲ ಸಿಕ್ಕವು. ಸುನಂದಾ ಮೇಡಂ ಅವನಿಗೆ ತಾವೇ ಫೋನು ಹಚ್ಚಿದ್ದರು. 'ನಿಮ್ಮಂಥವರು ಪ್ರತಿ ಊರಲ್ಲೂ ಒಬ್ಬೊಬ್ಬರು ಇದ್ದಿದ್ರೆ' ಎಂದಿದ್ದರು. ಆ ಹೊತ್ತಿಗೆ ಹೇಳಬೇಕಿತ್ತು. ಹೇಳಬಹುದಿತ್ತು ಕೂಡ, ಫೋನಿನಲ್ಲಿ ಮುಖ ಕಾಣುವುದಿಲ್ಲ. ಅವನು ಹೇಳಿದ್ದು 'ಥ್ಯಾಂಕ್ಯೂ ಮೇಡಂ' ಎಂದು. ಹೇಳುವಾಗ ಅಂಗಳದಲ್ಲಿ ಎದ್ದು ನಿಂತಿದ್ದ. ನಿನ್ನೆ ಮಧ್ಯಾಹ್ನ ಇದೇ ಸಭಾಂಗಣದ ಪರದೆಯ ಮೇಲೆ ಶಿವಕಾಂತಮ್ಮನ ಗೋಡೆ ತೋರಿಸಿ, ಸಮುದಾಯದ ನೆನಪೇ ನಮ್ಮ ಅಳತೆಗೋಲು ಎಂದು ಭಾಷಣ ಮಾಡಿದವನೂ ಅವನೇ. ಆ ಸಾಲನ್ನು ಬರೆದುಕೊಟ್ಟವರು ಮೇಡಂ, ಆದರೆ ಓದುವಾಗ ಅವನ ದನಿ ನಡುಗಲಿಲ್ಲ. ದನಿ ನಡುಗಿದ್ದರಾದರೂ ಒಂದು ಸಮಾಧಾನ ಇರುತ್ತಿತ್ತು.

ಚಹಾದ ಹೊತ್ತಿಗೆ ದಾರ ಬಿಡಿಸಿಕೊಂಡು ಎಲ್ಲರೂ ವರಾಂಡಕ್ಕೆ ಬಂದರು. ಕಾರ್ಡುಗಳ ಕೊಡುಕೊಳ್ಳುವಿಕೆ ಜೋರು ನಡೆದಿತ್ತು. ಪೈಪಿನ ಕಂಪನಿಯವರು, ನಕ್ಷೆಯವರು, ಡ್ರೋನು ಹಾರಿಸುವವರು, ಪ್ರತಿಯೊಬ್ಬರೂ ಎರಡೂ ಕೈಯಿಂದ ಕಾರ್ಡು ಹಿಡಿದು ಬಾಗುತ್ತಿದ್ದರು. ಸಮೀವುಲ್ಲಾನ ಹತ್ತಿರ ಕಾರ್ಡು ಇರಲಿಲ್ಲ. ಒಬ್ಬ ಬೀದರಿನವನು ಕೇಳಿದಾಗ ಬಿಸ್ಕೀಟಿನ ಕೆಳಗಿದ್ದ ಕಾಗದದ ಕರವಸ್ತ್ರದ ಮೇಲೆ ನಂಬರು ಬರೆದುಕೊಟ್ಟ. ಆತ ಮಡಚಿ ಕಿಸೆಯಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಅದರಿಂದಲೇ ಮೀಸೆ ಒರಸಿಕೊಂಡಿದ್ದು ಕಾಣಿಸಿತು. ಅವಮಾನ ಆಯಿತು. ಇಷ್ಟಕ್ಕೆ ಅವಮಾನ ಆಗುತ್ತದಲ್ಲ, ದೊಡ್ಡದಕ್ಕೆ ಆಗುವುದಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ನೋಮಾನ್ ಬಂದು ಹೆಗಲ ಮೇಲೆ ಕೈ ಹಾಕಿದ. ಕಾಲೇಜಿನಲ್ಲಿ ಒಂದೇ ಬೆಂಚಿನವನು. ಸರಕಾರಿ ನೌಕರಿಯ ಗೊಡವೆಗೆ ಹೋಗದೆ ಸ್ವಂತ ಕಚೇರಿ ತೆಗೆದು, ಈಗ ಈ ನಕ್ಷೆಯ ಗುತ್ತಿಗೆಯನ್ನೇ ಹಿಡಿದಿದ್ದ. ಇಬ್ಬರೂ ದಖನಿಯಲ್ಲಿ ಮಾತಾಡುವವರು, ಆದರೆ ಕೆಲಸದ ಮಾತು ಬಂದರೆ ನೋಮಾನ್ ಕನ್ನಡಕ್ಕೆ ಜಾರುತ್ತಿದ್ದ.

'ಮಿಯಾ, ನಿನ್ನಿಂದ ನನ್ನ ಕೆಲಸ ಹಗುರ ಆತು ನೋಡು. ನಿನ್ನ ಗೆರಿ ಹಿಡಕೊಂಡೇ ನಕ್ಷಾ ತಗದೀನಿ. ಇವತ್ತು ಮೇಡಂ ಒಮ್ಮೆ ಕಣ್ಣಿಲೆ ನೋಡಿ ಹೂಂ ಅಂದ್ರ ಅಖೈರು.'

'ಅಖೈರು ಅಂದ್ರ?'

'ಅಂದ್ರ ಗೆರಿ ಕೆಳಗಿದ್ದದ್ದೆಲ್ಲಾ ಹಳ್ಳದ ಪಾತ್ರ. ಮನಿ ಇರಬಾರದು. ಓಣಿ ತೆರವು.'

'ಆ ಜನಕ್ಕ ಬ್ಯಾರೆ ಕಡೆ ಜಾಗಾ ಕೊಡ್ತಾರೇನು?'

'ಹಳ್ಳದ ಪಾತ್ರದಾಗ ಮನಿ ಕಟ್ಟಿದವ್ರಿಗೆ ಜಾಗಾ ಯಾರು ಕೊಡ್ತಾರೋ?' ನೋಮಾನ್ ಚಹಾ ಊದಿಕೊಂಡು ಕುಡಿದ. ಆಮೇಲೆ ದನಿ ತಗ್ಗಿಸಿ ನಕ್ಕ. 'ಎದಿಮಟ ನೀರು. ನನಗ ತಿಳಿಯಂಗಿಲ್ಲ ಅಂತ ಮಾಡೀಯೇನು? ಆ ಹಳ್ಳದಾಗ ಎದಿಮಟ ನೀರು ಬರಬೇಕಾದ್ರ ಅರ್ಧ ಕಮಲಾಪುರ ತೇಲಿ ಹೋಗಬೇಕು. ಪರಿಹಾರ ಕೇಳುವಾಗ ನೀರು ಎದಿಮಟ, ತೆರವು ಅಂದಾಗ ಹಿಮ್ಮಡಿಮಟ. ಇಲ್ಲಿ ಚಹಾ ಕುಡ್ಯಾಕತ್ತವ್ರು ಯಾರಿಗೆ ಗೊತ್ತಿಲ್ಲ ಹೇಳು.'

ಸಮೀವುಲ್ಲಾ ಸುತ್ತ ನೋಡಿದ. ಬೀದರಿನವನು, ಸೇಡಮಿನವನು, ಆಳಂದದ ಹುಡುಗಿ, ಎಲ್ಲರೂ ತಮ್ಮ ತಮ್ಮ ಊರಿನಲ್ಲಿ ಟೇಪು ಹಿಡಿದು ನಿಂತವರೇ, ಯಾರದೋ ಕೈ ಎದೆಗೆ ಏರಿದ್ದನ್ನು ನೋಡಿ ಬರೆದುಕೊಂಡವರೇ. ನಿನ್ನೆ ಅವನ ಭಾಷಣಕ್ಕೆ ಇವರೆಲ್ಲ ಚಪ್ಪಾಳೆ ತಟ್ಟಿದ್ದರು. ತಾನೊಬ್ಬನೇ ಕಳ್ಳ ಎಂದು ಎರಡು ದಿನದಿಂದ ಹೆಗಲು ಮುಟ್ಟಿ ನೋಡಿಕೊಂಡಿದ್ದು ಸುಳ್ಳಾಗಿ ಅವನಿಗೆ ಹಗುರಾಗಬೇಕಿತ್ತು. ಹಗುರಾಗಲಿಲ್ಲ. 'ಹಂಗಾದ್ರ ಮೇಡಂಗೆ ಹೇಳಬೇಕಲ್ಲೋ' ಎಂದ. ನೋಮಾನ್ ಚಹಾದ ಕಪ್ಪು ಕೆಳಗಿಟ್ಟ. 'ಹೇಳು. ಹೇಳಿದ್ರ ಸುಳ್ಳು ಪರಿಹಾರ ಕೊಡಿಸಿದವ ಅಂತ ನೀ ಸಸ್ಪೆಂಡ್. ಆ ಮುದುಕಿ ಹತ್ರ ಕೊಟ್ಟದ್ದು ವಸೂಲಿ. ಮನಿ ಉಳೀತದ, ಅದು ಖರೆ. ಈ ಹೋಟೆಲ್ ಕೆಳಗ ಒಂದು ನಾಲಾ ಅದ, ಗೊತ್ತದಲ್ಲ? ಅದರ ಗೆರಿ ಯಾರರೆ ಎಳದಾರೇನು? ಚುಪ್ ಕೂಡು ಭಾಯ್.' ಹೀಗೆಂದು ಒಂದು ಬಿಸ್ಕೀಟು ಅವನ ತಟ್ಟೆಯಲ್ಲಿಟ್ಟು ಡ್ರೋನಿನವನ ಕಡೆ ಹೋದ.

ವಸೂಲಿ. ಆ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ಕ್ಲಾಸಿನ ತುಂಬ, ಮಳೆಯ ತೀವ್ರತೆ, ಹರಿವಿನ ಗುಣಾಂಕ ಎಂದು ಪರದೆಯ ಮೇಲೆ ಏನೇನೋ ಹರಿಯುತ್ತಿದ್ದಾಗ, ಒಳಗೊಳಗೇ ವಾದ ಕಟ್ಟುತ್ತ ಕೂತ. ಹೇಳಿದರೆ ಮುದುಕಿಗೇ ತೊಂದರೆ. ಕೊಟ್ಟದ್ದನ್ನು ತಿರುಗಿ ಕಿತ್ತುಕೊಳ್ಳುತ್ತಾರೆ, ಆಕೆ ಎಲ್ಲಿಂದ ತಂದಾಳು. ಆಕೆಗಾಗಿಯೇ ತಾನು ಸುಮ್ಮನಿರುವುದು. ವಾದ ಚೆನ್ನಾಗಿತ್ತು, ಒಂದು ಕಡೆಯೂ ಸೋರುತ್ತಿರಲಿಲ್ಲ. ಆದರೆ ಒಂದು ಸಲ ಕಣ್ಣು ಮುಚ್ಚಿದಾಗ ಆ ಎರಡು ಒಲೆ, ಹಿಟ್ಟಿನ ಪರಾತ, ಸೊಸೆಯ ಕೈಯಲ್ಲಿ ತಿರುಗುತ್ತ ದೊಡ್ಡದಾಗುವ ರೊಟ್ಟಿ ಕಾಣಿಸಿ, ಕೊಟ್ಟದ್ದನ್ನು ಕಂತಿನಲ್ಲಾದರೂ ತೀರಿಸಬಹುದು, ಮನೆಯನ್ನು ಎಲ್ಲಿಂದ ತರುವುದು ಎಂದು ಅನಿಸಿಬಿಟ್ಟಿತು. ಅನಿಸಬಾರದಿತ್ತು. ಊಟದ ಸಾಲಿನಲ್ಲಿ ಮೇಡಂ ಅವನ ಮುಂದೆಯೇ ನಿಂತಿದ್ದರು, ಕೈಯಲ್ಲಿ ಖಾಲಿ ತಟ್ಟೆ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡು ಅವನು ಗಂಟಲು ಸರಿಮಾಡಿಕೊಂಡ.

'ಮೇಡಂ, ಆ ಗೆರೆ ಅದಲ್ರಿ… ಜನಾ ಹೇಳಿದ್ದು ಅದು. ಸ್ವಲ್ಪ ಹೆಚ್ಚು ಕಮ್ಮಿ ಇರಬಹುದ್ರಿ.'

ಮೇಡಂ ತಿರುಗಿ ನೋಡಿದರು. ಅವರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು, ಅದನ್ನು ನೋಡಿ ಅವನಿಗೆ ಭಯವಾಯಿತು. 'ಇದಕ್ಕೇ ನೀವು ನಂಗೆ ಇಷ್ಟ ಆಗೋದು ಸಮೀವುಲ್ಲಾ. ಬೇರೆಯವರು ತಮ್ಮ ಅಂಕಿ ಬಿಟ್ಟುಕೊಡಲ್ಲ. ಜನ ಆ ಗಾಬರಿಯಲ್ಲಿ ಸರಿಯಾಗಿ ನೋಡಿರಲ್ಲ, ಕಡಿಮೆ ಹೇಳಿರಬಹುದು, ಅಲ್ವಾ? ಯೋಚನೆ ಮಾಡಬೇಡಿ, ಅದಕ್ಕೇ ನಾವು ಗೆರೆ ಮೇಲೆ ಇನ್ನೂ ಎರಡಡಿ ಬಿಟ್ಟು ನಕ್ಷೆ ಮಾಡ್ತೀವಿ.' ಅವನು ಇಲ್ಲ ಎನ್ನಲು ಬಾಯಿ ತೆರೆದ. ಪಲ್ಯ ಬಡಿಸುವವನು ಚಮಚ ಚಾಚಿಕೊಂಡು ಕಾಯುತ್ತಿದ್ದ. 'ಇನ್ನೊಂದು ವಿಷಯ' ಎಂದು ಮೇಡಂ ದನಿ ತಗ್ಗಿಸಿದರು, 'ರಾಜ್ಯದ ತರಬೇತುದಾರರ ತಂಡಕ್ಕೆ ನಿಮ್ಮ ಹೆಸರು ಕಳಿಸ್ತಿದ್ದೀನಿ. ತಿಂಗಳಿಗೊಂದು ಸಲ ಬೆಂಗಳೂರಿಗೆ ಬರಬೇಕಾಗುತ್ತೆ. ಆಗುತ್ತಲ್ಲ?' ಆಗುತ್ತದೆ ಎಂದ. ಎಷ್ಟು ಬೇಗ ಎಂದುಬಿಟ್ಟ. ತಟ್ಟೆ ಹಿಡಿದುಕೊಂಡು ಮೂಲೆಗೆ ಹೋಗಿ ನಿಂತಾಗ ಹೊಟ್ಟೆಯೊಳಗಿಂದ ಒಂದು ಖುಷಿ ಏರಿ ಬಂತು, ನಾಚಿಕೆಗೆಟ್ಟ ಖುಷಿ, ತಡೆದರೂ ನಿಲ್ಲಲಿಲ್ಲ. ಇಪ್ಪತ್ತು ವರ್ಷದಿಂದ, ಕಟ್ಟಿಕೊಂಡ ಚರಂಡಿ ಬಿಡಿಸು, ಹೂಳು ಎತ್ತಿಸು, ಯಾರೋ ಪುಢಾರಿಯ ಮನೆ ಮುಂದಿನ ಕಲ್ಲು ಹಾಸು ಸರಿಮಾಡಿಸು ಎಂದು ಬೈಸಿಕೊಂಡವನನ್ನು ಬೆಂಗಳೂರಿಗೆ ಬಾ ಎನ್ನುತ್ತಿದ್ದಾರೆ. ತಾನು ಹೇಳಿದ್ದೇನು, ಅವರು ಕೇಳಿಸಿಕೊಂಡಿದ್ದೇನು ಎಂಬುದನ್ನು ಆ ಖುಷಿ ಪೂರಾ ಮುಚ್ಚಿಹಾಕಿತು. ಎರಡಡಿ ಏರಿದ ಗೆರೆ ಓಣಿಯನ್ನು ದಾಟಿ ಮುಂದಿನ ಓಣಿಗೂ ಹೋಗುತ್ತದೆ ಎಂದು ಹೊಳೆದದ್ದು ಮೊಸರನ್ನ ತಿನ್ನುವಾಗ.

ಬಸ್ಸು ಹುಮನಾಬಾದ ರಸ್ತೆ ಹಿಡಿದಾಗ ಹಿಂದಿನ ಸೀಟಿನವರು ಹಾಡು ಶುರು ಮಾಡಿದ್ದರು. ಸಮೀವುಲ್ಲಾ ಕಿಟಕಿಗೆ ತಲೆ ಆನಿಸಿ ಕೂತ. ತಾಜಸುಲ್ತಾನಪುರದ ಕಡೆಗೆ ತಿರುಗುವ ಆಟೋಗಳು, ಕರಿ ಮಣ್ಣಿನ ಹೊಲ, ತೊಗರಿ ಕಟ್ಟಿಗೆಯ ಬಣವೆ. ನೌಕರಿಗೆಂದು ಈ ದಾರಿಯಲ್ಲಿ ದಿನಾ ಹೋಗಿ ಬರುವವನು ಅವನು, ಆದರೆ ಇವತ್ತು ಎಲ್ಲವೂ ಯಾರೋ ತೋರಿಸುತ್ತಿರುವ ಹಾಗೆ ಕಾಣುತ್ತಿತ್ತು. ಜೀನತ್ ಫೋನು ಮಾಡಿದಳು. ಶಾಲೆಯ ಸ್ಟಾಫ್‌ರೂಮಿನಿಂದ ಮಾತಾಡುತ್ತಿದ್ದಳು, ಹಿಂದೆ ಮಕ್ಕಳ ಗದ್ದಲ. 'ಫೋಟೋ ಭೇಜೋ ಜೀ, ಅಮ್ಮಿ ಪೂಛ್ ರಹೀಂ.' ಅಮ್ಮಿ ಕೇಳುತ್ತಿದ್ದರೆ ಕಳಿಸುತ್ತೇನೆ ಎಂದ. ಬೆಂಗಳೂರಿನ ವಿಷಯ ಹೇಳಿದ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. ಹುಚ್ಚಿ, ಇಷ್ಟಕ್ಕೆಲ್ಲ ಅಳುವುದೇ. ಎರಡು ಮಳೆಗಾಲದ ಹಿಂದೆ ದೇವರು ಕಬೂಲು ಮಾಡಲಿ ಎಂದವಳಿಗೆ ದೇವರು ಕಬೂಲು ಮಾಡಿದ್ದು ಯಾವುದನ್ನು ಎಂದು ಹೇಗೆ ಹೇಳುವುದು. ಫೋನು ಕೆಳಗಿಡದೆ ಹಾಗೇ ಶಿವಕಾಂತಮ್ಮನ ನಂಬರು ಹುಡುಕಿದ. ಇನ್ನೂ ದಾರಿ ಇತ್ತು. ಮೇಡಂ ಎದುರಿಗೆ ಮುದುಕಿ ತಾನಾಗಿಯೇ ಹಿಮ್ಮಡಿ ಮುಟ್ಟಿ ತೋರಿಸಿದರೆ ಸಾಕಿತ್ತು. ಗೆರೆ ಬಿದ್ದು ಹೋಗುತ್ತದೆ, ಮನೆ ಉಳಿಯುತ್ತದೆ, ಅವನು ಬಾಯಿ ಬಿಡುವ ಕೆಲಸವೂ ಇಲ್ಲ. ಇಷ್ಟು ಹೇಳಬೇಕು, ಅಮ್ಮಾ ಇವತ್ತು ಖರೇದ್ದು ತೋರಸ್ರಿ, ಅಷ್ಟೇ.

'ಯಾರ್ರಿ? ಸಾಹೇಬ್ರಾ? ಬರಾಕತ್ತೀರೇನ್ರಿ?' ಮುದುಕಿಯ ದನಿ ಬಸ್ಸಿಗೆಲ್ಲ ಕೇಳುವಷ್ಟು ದೊಡ್ಡದಿತ್ತು. 'ಮುಂಜಾನಿ ನಿಮ್ಮ ಆಫೀಸಿನ ಮಂದಿ ಬಂದು ಹೇಳಿ ಹೋಗ್ಯಾರ. ಬಿಸಿ ರೊಟ್ಟಿ ಮಾಡಿ ಇಡ್ತೀನಿ, ಉಂಡು ಹೋಗಬೇಕ್ರಿ ಮತ್ತ.'

'ಅಮ್ಮಾ, ಇವತ್ತು ಮೇಡಂ ಕೇಳ್ತಾರ್ರಿ…' ಎಂದು ಶುರು ಮಾಡಿದ. ಮುಂದಿನ ಸೀಟಿನಿಂದ ಮೇಡಂ ತಿರುಗಿ ನೋಡಿ ನಕ್ಕರು. 'ನಮ್ಮ ಸಾಕ್ಷಿನಾ? ನಮಸ್ಕಾರ ಹೇಳಿ ಅವರಿಗೆ.' ಅವನು ಫೋನಿನೊಳಗೆ ನಮಸ್ಕಾರ ಹೇಳಿದ. 'ನೀವ್ ಚಿಂತಿ ಮಾಡಬ್ಯಾಡ್ರಿ ಯಪ್ಪಾ, ಓಣ್ಯಾಗ ಎಲ್ಲಾರಿಗೂ ಹೇಳೀನಿ' ಎಂದು ಮುದುಕಿ ಫೋನು ಇಟ್ಟಳು. ಏನು ಹೇಳಿದ್ದಾಳೆ ಎಂದು ಕೇಳಲಿಕ್ಕೆ ತಿರುಗಿ ಹಚ್ಚಲಿಲ್ಲ. ಮಹಾಗಾಂವ ಕ್ರಾಸ್ ದಾಟಿತು. ಹಿಂದಿನವರು ಹಾಡು ಬದಲಿಸಿದರು.

ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣಿನ ಗೊನೆ ಕಟ್ಟಿದ ಗಾಡಿಗಳ ಮುಂದೆ ಎಲ್ಲರೂ ಇಳಿದು ಫೋಟೋ ತೆಗೆಸಿಕೊಂಡರು. ಅಲ್ಲಿಂದ ಹಳ್ಳದ ಓಣಿಗೆ ನಡೆದು ಹೋಗುವಾಗ ಸಮೀವುಲ್ಲಾ ಎಲ್ಲರಿಗಿಂತ ಮುಂದಿದ್ದ, ಕೊರಳಲ್ಲಿ ತೂಗುವ ಹೆಸರಿನ ಬಿಲ್ಲೆ. ಓಣಿಯ ಬಾಯಿಗೆ ಬಂದವನು ಗಕ್ಕನೆ ನಿಂತ. ಎರಡು ಮಳೆಗೆ ಮಾಸಿ ಕಂಡೂ ಕಾಣದಂತಾಗಿದ್ದ ಗೆರೆಗಳು ನಿನ್ನೆ ಮೊನ್ನೆ ಎಳೆದಂತೆ ಕೆಂಪಗೆ ಹೊಳೆಯುತ್ತಿದ್ದವು. ಗೋಡೆಗೆಲ್ಲ ಸುಣ್ಣ ಬಳಿದು, ಸುಣ್ಣದ ಮೇಲೆ ಕೆಮ್ಮಣ್ಣು ಕಲಸಿ ಹೊಸದಾಗಿ ತಿದ್ದಿದ್ದರು. ಶಿವಕಾಂತಮ್ಮನ ಗೋಡೆಯ ಗೆರೆ ಇದ್ದ ಜಾಗದಲ್ಲಿ ಇರಲಿಲ್ಲ; ಒಂದು ಗೇಣು ಮೇಲಕ್ಕೆ ಏರಿತ್ತು. ಗೆರೆಯ ತುದಿಗೆ ಒಂದು ಬೊಟ್ಟು ವಿಭೂತಿ ಕೂಡ ಹಚ್ಚಿದ್ದಳು. 'ನಾವೇ ತಿದ್ದೀವ್ರಿ' ಎಂದು ಆಕೆ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡು ಎಲ್ಲರಿಗೂ ಕೈ ಮುಗಿದಳು. 'ಇದು ನಮಗ ಅನ್ನಾ ಹಾಕಿದ ಗೆರಿ. ಅಳಸಿ ಹೋಗಬಾರದು ಅಂತ ಜ್ವಾಕಿ ಮಾಡೀವಿ.' ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. 'ನೋಡಿ, ನೋಡಿ' ಎಂದು ಉಳಿದವರನ್ನು ಕರೆದರು, 'ಜನ ತಾವೇ ಕಾಪಾಡ್ತಿದ್ದಾರೆ. ಇದನ್ನ ಯಾವ ತರಬೇತಿಯಲ್ಲೂ ಕಲಿಸೋಕಾಗಲ್ಲ.' ನೋಮಾನ್ ಹಿಂದೆ ನಿಂತು ಆಕಾಶ ನೋಡುತ್ತಿದ್ದ. ಅವನಿಗೆ ನಗು ಬಂದಿತ್ತೋ ಏನೋ, ಮುಖ ಕಾಣಲಿಲ್ಲ.

ಕ್ಯಾಮೆರಾದವನು ಜಾಗ ಸರಿಮಾಡುತ್ತಿದ್ದ. ಆಳಂದದ ಹುಡುಗಿ ಟೇಪಿನ ಒಂದು ತುದಿಯನ್ನು ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕೂತಳು. ಮೇಡಂ ಗೋಡೆಗೆ ಕೈ ಮುಟ್ಟಿಸಿ ಏನೋ ವಿವರಿಸುತ್ತಿದ್ದರು. ಆ ಗದ್ದಲದಲ್ಲಿ ಶಿವಕಾಂತಮ್ಮ ಸಮೀವುಲ್ಲಾನ ಹತ್ತಿರ ಬಂದಳು. ಹೊಗೆ ಮತ್ತು ಜೋಳದ ವಾಸನೆ. ಆಕೆ ಅವನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಎಳೆದು, ತುಟಿ ಅಲುಗಿಸದ ಹಾಗೆ ಕೇಳಿದಳು.

'ಸಾಹೇಬ್ರ, ಈ ಸಲ ಮ್ಯಾಲೆ ತೋರಸಬೇಕೋ, ಕೆಳಗ ತೋರಸಬೇಕೋ?'

ಮುದುಕಿ ಎಷ್ಟು ತಿಳಿದವಳು. ಇಲ್ಲಿ ಕೂಡಿದ ಯಾವ ಇಂಜಿನಿಯರಿಗೂ ಕೇಳಲು ಧೈರ್ಯವಿಲ್ಲದ ಪ್ರಶ್ನೆಯನ್ನು ಆಕೆ ಉಪ್ಪು ಸಾಕೋ ಬೇಕೋ ಎಂದು ಕೇಳುವ ಹಾಗೆ ಕೇಳಿಬಿಟ್ಟಳು. ಸಮೀವುಲ್ಲಾನಿಗೆ ಆಕೆಯ ಮುಖ ಬಹಳ ಹತ್ತಿರದಿಂದ ಕಾಣುತ್ತಿತ್ತು, ಹುಬ್ಬಿಗೆ ಹತ್ತಿದ ಹಿಟ್ಟಿನ ಪುಡಿ, ಅವನು ಏನು ಹೇಳಿದರೂ ನಂಬಲು ತಯಾರಾಗಿ ನಿಂತ ಕಣ್ಣು. ಕೆಳಗ ಎಂಬ ಮೂರು ಅಕ್ಷರ. ಅಂದರೆ ಮುಗಿಯಿತು, ಮನೆ ಉಳಿಯುತ್ತದೆ. ಆಮೇಲೆ ಮೇಡಂ ಅವನ ಕಡೆ ತಿರುಗುತ್ತಾರೆ, ಅವರ ಮುಖದ ಮೆಚ್ಚುಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ನಿನ್ನೆ ಚಪ್ಪಾಳೆ ತಟ್ಟಿದವರೆಲ್ಲ ನೆಲ ನೋಡುತ್ತಾರೆ. ಸ್ಟಾಫ್‌ರೂಮಿನಲ್ಲಿ ಜೀನತ್ ಇಷ್ಟು ಹೊತ್ತಿಗೆ ಎಲ್ಲರಿಗೂ ಹೇಳಿರುತ್ತಾಳೆ. ವಸೂಲಿ, ಮುದುಕಿಗೆ ವಸೂಲಿ ಆಗುತ್ತದೆ ಎಂದು ಅವನು ಮತ್ತೆ ಆ ವಾದವನ್ನು ಕೈಗೆತ್ತಿಕೊಳ್ಳಲು ಹೋದ, ಅದು ಈಗ ಕೈಗೆ ಸಿಗಲೇ ಇಲ್ಲ. ಅವನಿಗೆ ಹೆದರಿಕೆಯಾಗಿತ್ತು, ಬೇರೆ ಏನೂ ಇರಲಿಲ್ಲ. ಅಷ್ಟು ಸ್ವಚ್ಛವಾಗಿ ತನ್ನನ್ನು ತಾನು ಕಂಡಾಗಲಾದರೂ ಮನುಷ್ಯ ಬದಲಾಗಬೇಕು ಎಂದು ಯಾರು ಹೇಳಿದ್ದು.

'ಹೋದ ಸಲ ತೋರಿಸಿದಂಗ ತೋರಸ್ರಿ' ಎಂದ.

'ಹಂಗ ಅನ್ರಿ ಮತ್ತ' ಎಂದು ಮುದುಕಿ ತೋಳು ಬಿಟ್ಟಳು. ಆಕೆಗೆ ನಿರಾಳವಾದದ್ದು ಕಾಣಿಸಿತು. ಸೆರಗು ಹೊದ್ದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು. 'ಅಮ್ಮ, ಅವತ್ತು ನೀರು ಎಲ್ಲಿವರೆಗೆ ಬಂದಿತ್ತು?' ಎಂದು ಮೇಡಂ ಕೇಳಿದರು. ಶಿವಕಾಂತಮ್ಮ ಕೈ ಎತ್ತಿದಳು. ಎದೆಗೆ ಬಂದ ಕೈ ಒಂದು ಕ್ಷಣ ನಿಂತಿತು. ಅವನ ಕಡೆಗೊಮ್ಮೆ ನೋಡಿದಳು. ಅವನಿಗೆ ಇನ್ನಷ್ಟು ಉಪಕಾರ ಆಗಲಿ ಎಂದೋ ಏನೋ ಕೈ ಮತ್ತೂ ಮೇಲೆ ಹೋಗಿ ಗಂಟಲ ಹತ್ತಿರ ಬಂತು. 'ಇಲ್ಲೀಮಟ ಬಂದಿತ್ರಿ ಬಾಯಾರ. ನಾನೂ ಸೊಸಿ ಕೈ ಕೈ ಹಿಡಕೊಂಡು ನಿಂತಿದ್ವಿ. ಈ ಸಾಹೇಬ್ರೇ ಬಂದು ನಮ್ಮನ್ನ ಉಳಿಸಿದ್ರು.' ಬಾಗಿಲ ಒಳಗೆ ನಿಂತಿದ್ದ ಸೊಸೆ ಹೌದೆಂದು ತಲೆ ಆಡಿಸಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತವರೂ ತಂತಮ್ಮ ಗಂಟಲಿಗೆ ಕೈ ಒಯ್ದರು. ಕ್ಯಾಮೆರಾದವನು ಅದನ್ನೆಲ್ಲ ತೆಗೆದುಕೊಂಡ. ಹುಡುಗಿ ಟೇಪು ಎಳೆದು ಅಂಕಿ ಕೂಗಿದಳು, ನೋಮಾನ್ ಬರೆದುಕೊಂಡ. 'ಇದಕ್ಕೆ ಇನ್ನೆರಡಡಿ' ಎಂದು ಮೇಡಂ ಅವನಿಗೆ ನೆನಪು ಮಾಡಿದರು.

ಗುಂಪು ಫೋಟೋ ಆಯಿತು. ಸಮೀವುಲ್ಲಾನನ್ನು ಮುದುಕಿಯ ಪಕ್ಕಕ್ಕೆ ನಿಲ್ಲಿಸಿದರು, ಇಬ್ಬರ ನಡುವೆ ಗೆರೆ ಕಾಣುವ ಹಾಗೆ. ಎಲ್ಲರೂ ಬಸ್ಸಿನ ಕಡೆಗೆ ಹೊರಟಾಗ ಶಿವಕಾಂತಮ್ಮ ಅವನೊಬ್ಬನನ್ನು ಚಪ್ಪರದ ಕೆಳಗೆ ನಿಲ್ಲಿಸಿಕೊಂಡು ಒಳಗಿಂದ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಂದಳು. ಪುಂಡಿಪಲ್ಯ ಬೇರೆ ಡಬ್ಬಿಯಲ್ಲಿ. ಬೇಡ ಎಂದ. 'ನಿಮಗಲ್ರಿ, ಮನ್ಯಾಗ ಅಕ್ಕಾರಿಗೆ' ಎಂದು ಎದೆಗೆ ಒತ್ತಿ ಕೊಟ್ಟಳು. ಬಿಸಿ ಅಂಗಿಯ ಮೂಲಕ ಮೈಗೆ ತಾಗಿತು. ಒಳಗೆ ಸೊಸೆ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು, ಖಾನಾವಳಿಯವರು ಬರುವ ಹೊತ್ತಾಗಿತ್ತು.

'ಚೊಲೋ ಹೇಳಿದ್ನಿಲ್ರಿ?'

'ಹೇಳಿದ್ರಿ.'

'ಈ ಸಲ ಏನ್ ಕೊಡ್ತಾರ್ರಿ ಸಾಹೇಬ್ರ?'

ಅವನು ರೊಟ್ಟಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಓಣಿಯ ತುದಿಯಲ್ಲಿ ನೋಮಾನ್ ಕೈ ಬೀಸಿ ಕರೆಯುತ್ತಿದ್ದ.

'ಮ್ಯಾಲಿಂದ ಕಾಗದ ಬರ್ತದ್ರಿ' ಎಂದ.

'ಬರ್ಲಿ ಯಪ್ಪಾ' ಎಂದು ಶಿವಕಾಂತಮ್ಮ ಗೋಡೆಗೆ ಆತುಕೊಂಡು ನಿಂತಳು. 'ಮಳಿಗಾಲ ಹಿಡಿಯೋದ್ರೊಳಗ ಬಂದ್ರ ಚೊಲೋ ಆಗ್ತಿತ್ತು. ನೀವೇ ಸ್ವಲ್ಪ ಲಗೂ ಮಾಡಿ ಕಳಸ್ರಿ.'

ಕಳಿಸುತ್ತೇನೆ ಎಂದು ಹೇಳಿ ಅವನು ಬಸ್ಸಿನ ಕಡೆಗೆ ನಡೆದ.